ಚೆನ್ಸಾ ಅತ್ತೆಗೆ ಕಂಡ ಸಾಂತಾ ಬರ್ಬರಾಳ ಬೆನ್ನು

ನಮ್ಮ ಚೆನ್ಸಾ ಅತ್ತೆಗೆ ಈಗ ಅರವತ್ತಾರು. ಮದುವೆಯಾಗಿ ಈ ಮನೆಗೆ ಬಂದು ಮೂವತ್ತೆಂಟು ವರ್ಷ ಆಯ್ತು. ಆ ಮೂವತ್ತೆಂಟು ವರ್ಷವೂ ಹಬ್ಬದ ದಿನ ತಮ್ಮ ಬಾಲ್ಕನಿಯಲ್ಲಿ ನಿಂತು ಅವರು ನೋಡಿದ್ದು ನಮ್ಮೂರ ಚರ್ಚಿನ ಸಂತಳಾದ ಸಾಂತಾ ಬರ್ಬರಾಳ ಮೂರ್ತಿಯ ಬೆನ್ನನ್ನ. ಮುಖ ಅಲ್ಲ, ಬೆನ್ನು! ಇದನ್ನ ಯಾರಿಗಾದ್ರೂ ಹೇಳಿದ್ರೆ ನಗ್ತಾರೆ. ಆದ್ರೆ ಅತ್ತೆ ಹೊಟ್ಟೆಯೊಳಗೆ ಎಷ್ಟು ಬೆಂಕಿ ಇತ್ತು ಅಂತ ನನಗೆ ಗೊತ್ತು, ಯಾಕಂದ್ರೆ ಬುದ್ಧಿ ಬಂದಾಗಿಂದ ಪ್ರತಿ ಜುಲೈನಲ್ಲೂ ಆ ಬಾಲ್ಕನಿಯಲ್ಲಿ ಅವರ ಪಕ್ಕ ನಿಂತಿರೋದು ನಾನೇ.

ವಿಷಯ ಏನಂದ್ರೆ, ನಮ್ಮೂರಲ್ಲಿ ಹಬ್ಬದ ಭಾನುವಾರ ಸಂಜೆ ಮೂರ್ತಿ ಚರ್ಚಿಂದ ಹೊರಗೆ ಬರುತ್ತೆ. ಎಂಟು ಜನ ಅಡ್ಡೆ ಹೊರ್ತಾರೆ. ಬೀದಿ ಬೀದಿ ಸುತ್ತುವಾಗ ಕೆಲವು ಮನೆ ಮುಂದೆ ಮಾತ್ರ ನಿಲ್ಲಿಸಿ, ಅಡ್ಡೆ ಕೆಳಗೆ ಕವೆಗೋಲು ಕೊಟ್ಟು, ಆಮೇಲೆ ನಿಧಾನವಾಗಿ ಮೂರ್ತಿಯನ್ನ ಆ ಮನೆ ಕಡೆ ತಿರುಗಿಸ್ತಾರೆ. ಯಾರೋ ಹಾಸಿಗೆ ಹಿಡಿದಿರ್ತಾರೆ, ಇಲ್ಲಾ ಆ ಮನೆಯವರು ಸಂತಳಿಗೆ ಏನೋ ದೊಡ್ಡ ಸೇವೆ ಮಾಡಿರ್ತಾರೆ, ಅದಕ್ಕೆ. ನಮ್ಮ ಬೀದಿಯಲ್ಲಿ ಅವಳು ತಿರುಗೋದು ಒಂದೇ ಮನೆ ಕಡೆ, ನಮ್ಮಜ್ಜಿ ಮನೆ ಕಡೆ. ಅಜ್ಜಿ ಸಾಂತಾ ಬರ್ಬರಾಳ ಹಬ್ಬದ ಮೇಲುಹೊದಿಕೆಗೆ ನಾಲ್ಕು ಚಳಿಗಾಲ ಕೂತು ಲೇಸು ಹೆಣೆದು ಹೊಲಿದವರು. ಅಜ್ಜಿ ಹೋದ್ರು, ಆದ್ರೆ ಮೂರ್ತಿ ತಿರುಗೋದು ನಿಲ್ಲಲಿಲ್ಲ. ಈಗ ಆ ಮನೆಯಲ್ಲಿ ಇರೋದು ಜೋರ್ಜಾ ಅತ್ತೆ, ಚೆನ್ಸಾ ಅತ್ತೆಯ ಸ್ವಂತ ಅಕ್ಕ. ಇಬ್ಬರೂ ನಮ್ಮಪ್ಪನ ಅಕ್ಕಂದಿರು. ಚೆನ್ಸಾ ಅತ್ತೆ ಮದುವೆಯಾಗಿ ಎಲ್ಲಿಗೆ ಹೋದ್ರು ಹೇಳಿ? ಎದುರುಮನೆಗೆ! ಸಾಂತಾ ಬರ್ಬರಾ ಅಕ್ಕನ ಕಡೆ ತಿರುಗಿದ್ರೆ ತಂಗಿಗೆ ಇನ್ನೇನು ಕಾಣುತ್ತೆ?

"ಇವಳಿಗೊಬ್ಬಳಿಗೇ ಅಮ್ಮನಾ? ನನ್ನನ್ನ ಬೀದೀಲಿ ಹೆಕ್ಕಿಕೊಂಡು ಬಂದ್ರಾ?" ಅಂತ ಕೇಳೋರು ಚೆನ್ಸಾ ಅತ್ತೆ. ಅದೂ ನನ್ನನ್ನ.

ಅತ್ತೆ ಮೂವತ್ತು ವರ್ಷ ನಮ್ಮ ದ್ವೀಪದ ಸ್ಲೀಮಾ ಪೇಟೆಯ ಒಂದು ಹೋಟೆಲಲ್ಲಿ ಇಸ್ತ್ರಿ ಕೆಲಸ ಮಾಡಿದವರು. ದಿನಕ್ಕೆ ನೂರಾರು ಹಾಸಿಗೆ ಬಟ್ಟೆ. ಯೂರೋಪಿನ ಯಾವ್ಯಾವ ಮೂಲೆಯಿಂದಲೋ ಬಂದವರು ಮಲಗಿ ಎದ್ದು ಹೋದ ಬಟ್ಟೆ. ಹಬ್ಬದ ಟೈಮಲ್ಲಿ ಅದೇ ಜನ ಟೋಪಿ ಹಾಕ್ಕೊಂಡು ಬಸ್ಸಲ್ಲಿ ನಮ್ಮೂರಿಗೆ ಬರ್ತಾರೆ. ಹಿಂದಿನ ವಾರ ರೋಮ್ ನೋಡಿರ್ತಾರೆ, ಮುಂದಿನ ವಾರ ಲಿಸ್ಬನ್, ಮಧ್ಯೆ ನಾವು! ಜೋರ್ಜಾ ಅತ್ತೆ ಬಾಗಿಲ ಮುಂದೆ ನಿಂತು ಫೋನ್ ಎತ್ತಿ ಸಾಂತಾ ಬರ್ಬರಾಳ ಮುಖದ ಫೋಟೋ ಹೊಡ್ಕೊಂಡು ಹೋಗ್ತಾರೆ. ಅದನ್ನ ನೋಡಿ ಚೆನ್ಸಾ ಅತ್ತೆ ಹಲ್ಲು ಕಡಿಯೋರು.

"ನೋಡೇ ಗ್ರಿಟಾ, ಎರಡು ದಿನಕ್ಕೆ ಬಂದ ಆ ಕೆಂಪು ಮೂತಿಯವನಿಗೆ ಮುಖ ಅಂತೆ. ಅವನ ಹಾಸಿಗೆ ಇಸ್ತ್ರಿ ಮಾಡಿದ ನನಗೆ ಬೆನ್ನು ಅಂತೆ."

ಅಕ್ಕನ ಯಾವ ವಿಷಯ ಬಂದ್ರೂ ಇವರಿಗೆ ಹೊಟ್ಟೆಕಿಚ್ಚೇ. ಜೋರ್ಜಾ ಅತ್ತೆ ಮೊಲದ ಸಾರು ಮಾಡಿದ್ರೆ ಇವರು ಕಿಟಕಿ ತೆಗೆದು ಮೂಸಿ, "ವೈನ್ ಜಾಸ್ತಿ ಆಯ್ತು" ಅನ್ನೋರು. ಜೋರ್ಜಾ ಅತ್ತೆ ಹಬ್ಬದ ಅಲಂಕಾರಕ್ಕೆ ಬಾಲ್ಕನಿಗೆ ಕೆಂಪು ಡಮಾಸ್ಕ್ ರೇಷ್ಮೆ ಬಟ್ಟೆ ಇಳಿಬಿಟ್ರೆ ಇವರು ಇನ್ನೂ ಒಂದು ಮೊಳ ಉದ್ದ ಇಳಿಬಿಡೋರು. ಒಂದು ವರ್ಷ ಅದು ಎಷ್ಟು ಕೆಳಗೆ ಬಂತು ಅಂದ್ರೆ ಮೆರವಣಿಗೆ ಬ್ಯಾಂಡಿನ ತುತ್ತೂರಿಯವನ ತಲೆಗೆ ಸಿಕ್ಕಿ, ಪಾಪ, ಅವನು ಅರ್ಧ ಹಾಡು ಕತ್ತಲಲ್ಲೇ ಊದಿದ!

ಈ ವರ್ಷ ಜಗಳ ಕಾಗದಕ್ಕೆ ಬಂತು. ನಮ್ಮಲ್ಲಿ ಮೂರ್ತಿ ಹಾದು ಹೋಗುವಾಗ ಬಾಲ್ಕನಿಯಿಂದ ಕಾಗದದ ಚೂರು ಸುರೀತೀವಿ. ಒಂದು ಹಿಡಿ ಎರಡು ಹಿಡಿ ಅಲ್ಲ, ಮೂಟೆಗಟ್ಟಲೆ! ಬೀದಿಯಲ್ಲಿ ಮೊಣಕಾಲುದ್ದ ನಿಲ್ಲುತ್ತೆ. ಯಾರ ಬಾಲ್ಕನಿಯಿಂದ ಜಾಸ್ತಿ ಬಿತ್ತು ಅನ್ನೋದು ವರ್ಷಪೂರ್ತಿ ಮಾತು. ಜೋರ್ಜಾ ಅತ್ತೆ ಏನು ಮಾಡಿದ್ರು ಗೊತ್ತಾ? ಏಪ್ರಿಲ್‌ನಲ್ಲೇ ಊರಲ್ಲಿ ಸಿಗೋ ಕಾಗದ ಅಷ್ಟನ್ನೂ ತಮ್ಮ ಮನೆಗೆ ಹೊರಿಸಿಬಿಟ್ರು. ಚೆನ್ಸಾ ಅತ್ತೆ ಜೂನ್‌ನಲ್ಲಿ ಅಂಗಡಿಗೆ ಹೋದ್ರೆ ಒಂದು ಹಾಳೆ ಇಲ್ಲ.

ಆ ದಿನ ನಾನು ಅಲ್ಲೇ ಇದ್ದೆ. ಎರಡು ಬಾಲ್ಕನಿ, ನಡುವೆ ಬೀದಿ, ಬೀದಿಯಲ್ಲಿ ಬ್ರೆಡ್ಡಿನ ವ್ಯಾನು.

"ಏನಮ್ಮಾ ಚೆನ್ಸಾ, ಖಾಲಿ ಕೈಯಲ್ಲಿ ಬಂದೆ?" ಅಂದ್ರು ಜೋರ್ಜಾ ಅತ್ತೆ, ಜೆರೇನಿಯಂ ಗಿಡಕ್ಕೆ ನೀರು ಹಾಕ್ತಾ.

"ನಿನ್ನ ಹಾಗೆ ಮೂಟೆ ಹೊರೋಕೆ ನಾನೇನು ಕತ್ತೆನಾ?"

"ಬೇಕಾದ್ರೆ ಹೇಳು, ಒಂದು ಚೀಲ ಕೊಡ್ತೀನಿ. ತಂಗಿ ಅಲ್ವಾ."

"ನಿನ್ನ ಚೀಲ ನೀನೇ ಇಟ್ಕೋ! ಬೆನ್ನಿನ ಮೇಲೆ ಎಷ್ಟು ಸುರಿದ್ರೇನು, ಅವಳಿಗೆ ಗೊತ್ತಾಗುತ್ತಾ?"

ವ್ಯಾನಿನವನು ತಲೆ ಎತ್ತಿ, "ಯಾರಾದ್ರೂ ಬ್ರೆಡ್ ತಗೋತೀರಾ, ಇಲ್ಲಾ ನಾನು ಹೊರಡ್ಲಾ?" ಅಂದ.

ಒಳಗೆ ಬಂದ ಮೇಲೆ ಅತ್ತೆ ಕುರ್ಚಿಯಲ್ಲಿ ಕೂತ್ರು. ಆಮೇಲೆ ಸಣ್ಣ ದನಿಯಲ್ಲಿ, "ಗ್ರಿಟಾ, ಈ ಸಲ ಅಷ್ಟು ಸುರೀಬೇಕು ಕಣೇ, ಅಷ್ಟು ಸುರೀಬೇಕು, ಬರ್ಬರಾನೇ ತಿರುಗಿ ಯಾರದು ಅಂತ ನೋಡ್ಬೇಕು. ಒಂದೇ ಒಂದು ಸಲ. ಆಮೇಲೆ ನಾನು ಕೇಳಲ್ಲ" ಅಂದ್ರು. ತಮಾಷೆಗೆ ಹೇಳಿದ ಮಾತಲ್ಲ ಅದು.

ಮಾರನೇ ದಿನವೇ ನಮ್ಮ ದೂರದ ನೆಂಟ ಸಾಲ್ವುಗೆ ಫೋನ್ ಹೋಯ್ತು. ಸಾಲ್ವು ಬೇರೆ ಊರಿನವನು, ಪ್ರಿಂಟಿಂಗ್ ಪ್ರೆಸ್ಸುಗಳಿಂದ ರದ್ದಿ ಎತ್ತಿ ಮಾರ್ತಾನೆ. ಹಬ್ಬಕ್ಕೆ ಮೂರು ದಿನ ಇರುವಾಗ ಹನ್ನೊಂದು ಮೂಟೆ ತಂದು ಇಳಿಸಿದ. ಮಷಿನ್‌ನಲ್ಲೇ ಕತ್ತರಿಸಿದ್ದು, ಅಂಚೆಚೀಟಿ ಸೈಜಿನ ಚೂರು. ಅತ್ತೆ ಒಂದು ಮೂಟೆ ಬಿಚ್ಚಿ ಕೈ ಹಾಕಿದ್ರು. ಬಿಳಿ, ಕೆಂಪು, ಬಿಳಿ, ಕೆಂಪು.

"ಕೆಂಪೇ ಇದೆ!" ಅಂತ ಅತ್ತೆ ಕುಣಿದುಬಿಟ್ರು. ಕೆಂಪು ಅಂದ್ರೆ ಸಾಂತಾ ಬರ್ಬರಾಳ ಬಣ್ಣ, ಅವಳ ಹಬ್ಬ ನಡೆಸೋ ಬ್ಯಾಂಡ್ ಕ್ಲಬ್ಬಿನ ಬಣ್ಣ. ನೀಲಿ ಅಂದ್ರೆ ಊರಿನ ಇನ್ನೊಬ್ಬ ಸಂತ, ಸಾನ್ ರೊಕ್ಕುವಿನದು. ನಮ್ಮೂರಲ್ಲಿ ಎರಡೇ ಜಾತಿ ಅಂತ ಇಟ್ಕೊಳ್ಳಿ, ಕೆಂಪಿನವರು, ನೀಲಿಯವರು. ನೀಲಿಯವರ ಮನೆ ಪಕ್ಕದಲ್ಲೇ ಇದ್ರೂ ಹಬ್ಬದ ವಾರ ನಾವು ಅವರಿಗೆ ಗುಡ್ ಮಾರ್ನಿಂಗ್ ಕೂಡ ಹೇಳಲ್ಲ. ಹುಡುಗಿಯೊಬ್ಬಳು ಆ ವಾರ ನೀಲಿ ಅಂಗಿ ಹಾಕ್ಕೊಂಡು ನಮ್ಮ ಬೀದಿಗೆ ಬಂದ್ರೆ ಅವಳಮ್ಮನಿಗೆ ಫೋನ್ ಹೋಗುತ್ತೆ.

ಉಳಿದ ಹತ್ತು ಮೂಟೆ ನಾವು ಬಿಚ್ಚಿ ನೋಡಲಿಲ್ಲ. ನೋಡ್ಬೇಕಿತ್ತು.

ಭಾನುವಾರ ಸಂಜೆ ಏಳು ಗಂಟೆ, ಇನ್ನೂ ಬಿಸಿಲು. ಬೀದಿ ತುಂಬಾ ಜನ, ಕಡಲೆ ಸಕ್ಕರೆಯ ಮಿಠಾಯಿ ವಾಸನೆ, ಬ್ಯಾಂಡು, ಬೆವರು. ಎದುರು ಬಾಲ್ಕನಿಯಲ್ಲಿ ಜೋರ್ಜಾ ಅತ್ತೆ ಕಪ್ಪು ಉಡುಪು ಹಾಕಿ ಅಜ್ಜಿಯ ಚಿನ್ನದ ಓಲೆ ಇಟ್ಕೊಂಡು ರಾಣಿ ಹಾಗೆ ನಿಂತಿದ್ರು. ಆ ಓಲೆ ನೋಡಿದ್ದೇ ತಡ, ಚೆನ್ಸಾ ಅತ್ತೆ ಮುಖ ಹುಳಿ ನಿಂಬೆಹಣ್ಣಾಯ್ತು.

"ಬರ್ತಾ ಇದಾಳೆ! ಬರ್ತಾ ಇದಾಳೆ!" ಅಂತ ಕೆಳಗೆ ಯಾರೋ ಕೂಗಿದ್ರು.

ಮೂಲೆ ತಿರುಗಿ ಬಂದ್ಲು ನಮ್ಮ ಬರ್ಬರಾ. ಕೈಯಲ್ಲಿ ಪುಟ್ಟ ಗೋಪುರ, ತಲೆ ಮೇಲೆ ಬೆಳ್ಳಿ ಕಿರೀಟ, ಹೆಗಲ ಮೇಲೆ ಅಜ್ಜಿಯ ಹೊದಿಕೆ. ಹೊರೋರು ಎಡಕ್ಕೂ ಬಲಕ್ಕೂ ತೂಗ್ತಾ ನಡೀತಿದ್ರೆ ಅವಳೇ ನಡೆದು ಬರೋ ಹಾಗೆ ಕಾಣುತ್ತೆ, ನನಗಂತೂ ಪ್ರತಿ ಸಲ ಮೈ ಜುಮ್ ಅನ್ನುತ್ತೆ. ಜೋರ್ಜಾ ಅತ್ತೆ ಮೊದಲ ಮೂಟೆ ಸುರಿದ್ರು. ಜನ ಚಪ್ಪಾಳೆ ಹೊಡೆದ್ರು. ಚೆನ್ಸಾ ಅತ್ತೆ, "ಈಗ!" ಅಂದ್ರು. ನಾನು ಒಂದು ಮೂಟೆ, ಅತ್ತೆ ಒಂದು ಮೂಟೆ, ಮತ್ತೆ ನಾನು, ಮತ್ತೆ ಅತ್ತೆ, ಕೈ ನಿಲ್ಲಿಸಲೇ ಇಲ್ಲ. ಎದುರಿನ ಗೋಡೆ ಕಾಣದಷ್ಟು ಕಾಗದ!

ಬೀದಿ ಇದ್ದಕ್ಕಿದ್ದ ಹಾಗೆ ಸುಮ್ಮನಾಯ್ತು. ಬ್ಯಾಂಡ್ ಕೂಡ ಒಂದೊಂದೇ ವಾದ್ಯ ಕೈ ಬಿಡ್ತಾ ನಿಂತೇಹೋಯ್ತು.

"ನೀಲಿ!" ಅಂತು ಒಂದು ಗಂಡಸಿನ ದನಿ.

ಅಯ್ಯೋ ದೇವರೇ. ಬೀದಿಯೆಲ್ಲಾ ನೀಲಿ. ಹೊರೋರ ತಲೆ ಮೇಲೆ ನೀಲಿ, ಪಾದ್ರಿಯ ಟೋಪಿ ಮೇಲೆ ನೀಲಿ. ಅದು ನೀಲಿಯವರ ಕ್ಲಬ್ಬು ಹೋದ ವರ್ಷ ಅಚ್ಚು ಹಾಕಿಸಿ ಖರ್ಚಾಗದೇ ಉಳಿದ ಹಬ್ಬದ ಪುಸ್ತಕ ಕತ್ತರಿಸಿದ್ದು! ಸಾಲ್ವುಗೆ ಅದೆಲ್ಲಾ ಎಲ್ಲಿ ಗೊತ್ತು, ಅವನಿಗೆ ಕಾಗದ ಅಂದ್ರೆ ಕಾಗದ. ಸಾಂತಾ ಬರ್ಬರಾಳ ಜಡೆಯಲ್ಲಿ, ಕಿರೀಟದ ಸಂದಿಯಲ್ಲಿ, ಅಜ್ಜಿಯ ಲೇಸಿನಲ್ಲಿ ಚೂರು ಚೂರು ಸಿಕ್ಕಿಕೊಂಡಿದೆ. ಸರಿಯಾಗಿ ಬಲಗಡೆ ಹೆಗಲ ಮೇಲೆ ಮಷಿನ್‌ಗೆ ಸಿಗದೇ ಉಳಿದ ಒಂದು ದೊಡ್ಡ ಚೂರು, ಅದರಲ್ಲಿ ಸಾನ್ ರೊಕ್ಕುವಿನ ಜೊತೆ ಯಾವಾಗಲೂ ಇರೋ ನಾಯಿ ಕೂತು ನಾಲಿಗೆ ಚಾಚಿದೆ!

"ಯಾರ್ರೀ ಅದು ಸುರಿದಿದ್ದು?" ಅಂತ ಗುಡುಗಿದ್ರು ವಿಸ್ತೀನ್. ಅಡ್ಡೆ ಹೊರೋರಿಗೆ ಮುಖ್ಯಸ್ಥ ಅವರು, ಕುತ್ತಿಗೆ ನಮ್ಮ ಬಾಗಿಲ ಕಂಬದಷ್ಟಿದೆ.

ಜೋರ್ಜಾ ಅತ್ತೆ ಬೆರಳು ಚಾಚಿದ್ರು. ಮಾತು ಬೇಕಾಗಲಿಲ್ಲ.

"ಚೆನ್ಸಾ! ನಿಮ್ಮ ತಾಯಿ ನಮ್ಮ ಬರ್ಬರಾಗೆ ಹೊದಿಕೆ ಹೊಲಿದ್ರು, ನೀವು ಅದರ ಮೇಲೆ ನಾಯಿ ಕೂರಿಸಿದ್ರಾ?"

"ನನಗೆ ಗೊತ್ತಿರಲಿಲ್ಲ ವಿಸ್ತೀನ್..." ಅತ್ತೆ ದನಿ ಹೊರಗೇ ಬರ್ತಿಲ್ಲ.

"ಹೀಗೇ ಚರ್ಚಿಗೆ ಹೋಗೋಕಾಗುತ್ತಾ? ನೀಲಿಯವರು ನೋಡಿದ್ರೆ ಹತ್ತು ವರ್ಷ ನಗ್ತಾರೆ. ಏಣಿ ತರೋಕೆ ಟೈಮಿಲ್ಲ." ವಿಸ್ತೀನ್ ತಮ್ಮವರ ಕಡೆ ತಿರುಗಿದ್ರು. "ಕವೆಗೋಲು ಕೊಡ್ರೋ! ಬಾಲ್ಕನಿ ಪಕ್ಕಕ್ಕೆ ಬರ್ಲಿ. ಹುಷಾರು. ತಿರುಗಿಸಿ. ಆ ಕಡೆ ಅಲ್ಲ ಕಣೋ, ಈ ಕಡೆ! ಚೆನ್ಸಾ, ಸುರಿದಿದ್ದು ನೀವು, ತೆಗೆಯೋದೂ ನೀವೇ. ಬೇಗ!"

ಹಾಗೆ, ಸಾಂತಾ ಬರ್ಬರಾ ತಿರುಗಿದ್ಲು.

ನಿಧಾನವಾಗಿ, ಅರ್ಧ ಸುತ್ತು, ಎಡಗೆನ್ನೆ ಕಾಣ್ತು, ಆಮೇಲೆ ಮೂಗು, ಆಮೇಲೆ ಎರಡು ಕಣ್ಣೂ. ಅತ್ತೆಯಿಂದ ಒಂದು ಗೇಣು ದೂರಕ್ಕೆ ಬಂದು ನಿಂತ್ಲು. ಅತ್ತೆ ಶಿಲುಬೆ ಗುರುತು ಹಾಕ್ಕೊಂಡು ಕೈ ಚಾಚಿದ್ರು. ಮೊದಲು ನಾಯಿಯನ್ನ ತೆಗೆದ್ರು. ಆಮೇಲೆ ಕಿರೀಟದ್ದು. ಆಮೇಲೆ ಜಡೆಯದ್ದು, ಒಂದೊಂದೇ. ಮಗುವಿಗೆ ಹೇನು ತೆಗೆಯೋ ಹಾಗೆ!

"ಆಯ್ತಾ?" ಅಂದ್ರು ವಿಸ್ತೀನ್ ಕೆಳಗಿಂದ.

"ಇಲ್ಲ, ಇನ್ನೂ ಇದೆ" ಅಂದ್ರು ಅತ್ತೆ. ನಾನು ನೋಡಿದೆ, ಜಡೆಯಲ್ಲಿ ಏನೂ ಉಳಿದಿರಲಿಲ್ಲ. ಅತ್ತೆ ಬೆರಳು ಅಜ್ಜಿಯ ಲೇಸಿನ ಅಂಚಿನ ಮೇಲೆ ಹೋಗ್ತಾ ಇತ್ತು, ಹೊಲಿಗೆ ಹೊಲಿಗೆ ಮುಟ್ಟಿಕೊಂಡು.

"ಚೆನ್ಸಾ, ಸಾಕು ಬಿಡೇ! ಅವಳ ಬಣ್ಣ ಕಿತ್ತು ಬರುತ್ತೆ!" ಎದುರುಗಡೆಯಿಂದ ಜೋರ್ಜಾ ಅತ್ತೆ ಕಿರುಚಿದ್ರು. ಆಮೇಲೆ ಅವರ ದನಿ ಬೇರೆ ಥರ ಆಯ್ತು. "ಇದೇನಿದು, ಬೆನ್ನಲ್ಲಿ ಬಿರುಕು ಬಿಟ್ಟಿದೆ?"

"ಹನ್ನೆರಡು ವರ್ಷ ಆಯ್ತು" ಅಂದ್ರು ಚೆನ್ಸಾ ಅತ್ತೆ, ಆ ಕಡೆ ತಿರುಗದೇ. "ನಿನಗೆ ಹೇಗೆ ಗೊತ್ತಾಗ್ಬೇಕು."

ಪಾದ್ರಿ ಗಡಿಯಾರ ನೋಡಿದ್ರು. ಹಿಂದೆ ಎರಡನೇ ಬ್ಯಾಂಡ್ ಬಂದು ನಮ್ಮ ಬ್ಯಾಂಡಿಗೆ ಒತ್ತಿಕೊಂಡು ನಿಂತಿತ್ತು, ಪಟಾಕಿಯವರು ಬೆಟ್ಟದ ಮೇಲಿಂದ ಫೋನ್ ಮೇಲೆ ಫೋನ್ ಮಾಡ್ತಿದ್ರು. ವಿಸ್ತೀನ್ "ಎತ್ರೋ!" ಅಂದ್ರು. ಎತ್ತಿದ್ರು. ನೇರವಾಗಿ ಹೊರಟೇಬಿಟ್ರು. ಜೋರ್ಜಾ ಅತ್ತೆ ಮನೆ ಕಡೆ ತಿರುಗಿಸಲೇ ಇಲ್ಲ! ಜೋರ್ಜಾ ಅತ್ತೆ ಕೈಯಲ್ಲಿ ಅರ್ಧ ಸುರಿದ ಮೂಟೆ ಹಾಗೇ ಉಳಿದಿತ್ತು. "ವಿಸ್ತೀನ್! ಏ ವಿಸ್ತೀನ್! ಅಮ್ಮನ ಮನೆ!" ಅಂತ ಕೂಗಿದ್ರು. ಬ್ಯಾಂಡ್ ಶುರುವಾಗಿತ್ತು, ಯಾರಿಗೂ ಕೇಳಲಿಲ್ಲ. ಆ ಮುಖ ನೋಡಿ ನನಗೆ ಪಾಪ ಅನ್ನಿಸ್ತು, ನಿಜವಾಗ್ಲೂ.

ಕ್ಲಬ್ಬಿನವರು ಮಾರನೇ ದಿನ ಪತ್ರ ಕಳಿಸಿದ್ರು, ಮುಂದಿನ ವರ್ಷ ಚೆನ್ಸಾ ಅತ್ತೆ ಏನೂ ಸುರಿಯೋ ಹಾಗಿಲ್ಲ ಅಂತ. ಅತ್ತೆ ಅದನ್ನ ಓದಿ, ಮಡಚಿ, ಪಲ್ಲಂಗದ ಪಕ್ಕ ಇಟ್ಟು, ಆಲಿವ್ ಎಣ್ಣೆ ಟೊಮ್ಯಾಟೊ ಹಚ್ಚಿದ ಬ್ರೆಡ್ಡು ಎರಡು ತಿಂದ್ರು. ಅಷ್ಟು ಖುಷಿಯಾಗಿ ತಿಂದಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ.

ಮಂಗಳವಾರ ಜೋರ್ಜಾ ಅತ್ತೆ ಬಾಲ್ಕನಿಗೆ ಬಂದ್ರು. ಎರಡು ದಿನ ಕದ ಹಾಕ್ಕೊಂಡಿದ್ದವರು.

"ಚೆನ್ಸಾ."

"ಏನು?"

"ಅಮ್ಮನ ಲೇಸು... ಹೇಗಿದೆ?"

"ಇದೆ."

"ಹೇಗಿದೆ ಅಂತ ಕೇಳಿದೆ. ಮೆತ್ತಗಿದೆಯಾ? ಗಟ್ಟಿಯಾಗಿದೆಯಾ? ಅಮ್ಮ ಹೆಣೆಯುವಾಗ ಮುಟ್ಟೋಕೇ ಬಿಡಲಿಲ್ಲ, ಆಮೇಲೂ ನಾನು ಮುಟ್ಟೇ ಇಲ್ಲ ಕಣೇ. ಒಂದು ಸಲವೂ ಇಲ್ಲ."

ಚೆನ್ಸಾ ಅತ್ತೆ ಒಗೆದ ಬಟ್ಟೆಗೆ ಒಂದೊಂದೇ ಕ್ಲಿಪ್ ಹಾಕಿದ್ರು. ಆಮೇಲೆ, "ಎಡಗಡೆ ಅಂಚಿನಲ್ಲಿ ಒಂದು ಹೂವು ಉಲ್ಟಾ ಹೆಣೆದಿದಾಳೆ" ಅಂದ್ರು.

"ಅಮ್ಮನಾ? ಉಲ್ಟಾನಾ? ಸುಳ್ಳು ಹೇಳ್ಬೇಡ! ಅಮ್ಮ ಯಾವತ್ತೂ ತಪ್ಪು ಹೆಣೆದವಳಲ್ಲ!"

"ನಾನು ಮುಟ್ಟಿದೀನಿ. ನೀನು ಮುಟ್ಟಿಲ್ಲ."

ಜೋರ್ಜಾ ಅತ್ತೆ ಮುಖ ಕಪ್ಪಿಟ್ಟಿತು. ದಢಾರ್ ಅಂತ ಕದ ಹಾಕ್ಕೊಂಡು ಒಳಗೆ ಹೋದ್ರು. ನಾನು ಬಸ್ಸಿಗೆ ಲೇಟಾಗುತ್ತೆ ಅಂತ ಮೆಟ್ಟಿಲಿಳಿದು ಬೀದಿಗೆ ಬಂದ್ರೆ, ಎದುರು ಬಾಗಿಲು ಸ್ವಲ್ಪವೇ ತೆರೀತು. ಜೋರ್ಜಾ ಅತ್ತೆ ನನ್ನ ತೋಳು ಹಿಡಿದು ಒಳಕ್ಕೆ ಎಳೆದ್ರು.

"ಗ್ರಿಟಾ, ಪುಟ್ಟಿ, ಆ ರದ್ದಿ ಸಾಲ್ವು ಇದಾನಲ್ಲ, ಅವನ ನಂಬರ್ ಕೊಡೇ."

"ಯಾಕತ್ತೆ? ನಿಮ್ಮ ಹತ್ರ ಊರಿನ ಕಾಗದ ಎಲ್ಲಾ ಇದೆಯಲ್ಲ?"

"ನನಗೆ ಊರಿನ ಕಾಗದ ಬೇಡ" ಅಂದ್ರು ಜೋರ್ಜಾ ಅತ್ತೆ, ಬಾಗಿಲ ಸಂದಿಯಿಂದ ಎದುರು ಬಾಲ್ಕನಿ ನೋಡ್ತಾ. "ನೀಲಿಯದು ಇನ್ನೂ ಉಳಿದಿದೆಯಾ ಅಂತ ಕೇಳ್ಬೇಕು."