ಹಚ್ಚದೇ ಹೋದ ಫೋನು

ವಿಜಯಕ್ಕಾ, ಕೊನೆಗಾಲದಲ್ಲಿ ನಿಮ್ಮವ್ವ ನಿಮ್ಮನ್ನು ಕಂಡು ಮುಖ ತಿರುಗಿಸಿಕೊಂಡರಲ್ಲ — ಅದಕ್ಕೆ ಕಾರಣ ನಾನು. ಮನೆಯವರ ಮಾತು ಮೀರಿ ನೀವು ಮದುವೆಯಾದ ಸಿಟ್ಟು ಅದಲ್ಲ. ನೀವು ಅವರನ್ನು ಮರೆತಿದ್ದೀರಿ ಎಂದು ನಾನು ನಂಬಿಸಿದ್ದೆ.

ರಾಣೆಬೆನ್ನೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ನನ್ನನ್ನು ನಿಮ್ಮ ಅಣ್ಣ ಶೇಖರಣ್ಣ ಬ್ಯಾಡಗಿಗೆ ಕರೆದುಕೊಂಡು ಹೋದರು. ಲಕ್ವಾ ಹೊಡೆದು ಅವ್ವನ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಕಣ್ಣು ಮಂಜು; ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ನೆನಪು ಚುರುಕಾಗಿತ್ತು. ಮೈ ಒರೆಸುವುದು, ಮಗ್ಗಲು ಬದಲಿಸುವುದು, ಗಂಜಿ ಕುಡಿಸುವುದು ನನ್ನ ಕೆಲಸ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವ್ವ ಕೇಳಿದರು: "ಸರೋಜಾ, ಹಾವೇರಿಗೆ ನಮ್ಮ ವಿಜಿಗೊಂದು ಫೋನ್ ಹಚ್ಚವ್ವಾ."

ಶೇಖರಣ್ಣ ನನ್ನನ್ನು ಹೊರಗೆ ಕರೆದರು. "ಆಕಿ ಈ ಮನಿಗೆ ಬರೂದು ಬ್ಯಾಡ. ಫೋನ್ ಎತ್ತವಲ್ಲಳು ಅಂತ ಹೇಳು. ಹೇಳಾಕ ಆಗಲ್ಲಂದ್ರ ನೀನೂ ನಡಿ."

ಕೆಲಸ ಹೋಗುತ್ತದೆಂಬ ಭಯ ನಿಜ. ಆದರೆ ಅದೊಂದೇ ಎಂದರೆ ಇಲ್ಲಿಯೂ ಸುಳ್ಳು ಹೇಳಿದಂತಾಗುತ್ತದೆ. ಅವ್ವ ನನ್ನ ಕೈ ಹಿಡಿದು "ನೀನ ನನ್ನ ಮಗಳು" ಎನ್ನುತ್ತಿದ್ದರು. ನನಗೆ ಹಾಗೆಂದವರು ಯಾರೂ ಇರಲಿಲ್ಲ. ನೀವು ಬಂದರೆ ಆ ಮಾತು ನಿಮ್ಮದಾಗುತ್ತದೆ ಎಂದು — ಹೌದು, ಹೊಟ್ಟೆಕಿಚ್ಚು.

ಅವರು ಎದುರಿಗೇ ನೋಡುತ್ತ ಮಲಗಿರುವಾಗ ನಾನು ಬಂದ್ ಆಗಿದ್ದ ಮೊಬೈಲನ್ನು ಕಿವಿಗಿಟ್ಟುಕೊಂಡು ನಿಲ್ಲುತ್ತಿದ್ದೆ. "ರಿಂಗ್ ಆಗಾಕತ್ತೈತ್ರಿ ಅವ್ವಾರ... ಎತ್ತವಲ್ರು ನೋಡ್ರಿ." ಮೊದಮೊದಲು "ಕೆಲಸದಾಗ ಇರಬೇಕು ಪಾಪ" ಎಂದು ನಿಮ್ಮ ಪರವಾಗಿ ಅವರೇ ಮಾತಾಡುತ್ತಿದ್ದರು. ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ಒಂದು ದಿನ ಕೇಳುವುದನ್ನೇ ಬಿಟ್ಟರು. ಆ ದಿನ ಗಂಜಿಯನ್ನೂ ಮುಟ್ಟಲಿಲ್ಲ.

ನೀವು ಬಂದದ್ದು ಅದಾದ ಮೇಲೆ, ಶೇಖರಣ್ಣ ಮಾರ್ಕೆಟ್ಟಿಗೆ ಹೋಗಿದ್ದಾಗ. ಬಾಗಿಲಲ್ಲೇ ಅಳುತ್ತಿದ್ದಿರಿ. "ಅವ್ವಾ, ನಾ ವಿಜಿ ಬಂದೇನಿ. ಅಣ್ಣ ನನ್ನ ಒಳಗ ಬಿಡವಲ್ಲ..."

ಅವ್ವ ನಿಮ್ಮ ದನಿ ಬಂದ ಕಡೆ ತಿರುಗಿದರು. "ಅಷ್ಟು ಕರದೆ. ಆವಾಗ ಬರಲಿಲ್ಲ. ಈಗ್ಯಾಕ ಬಂದಿ? ಹೋಗು." ಎಂದು ಗೋಡೆಯ ಕಡೆ ಮುಖ ಮಾಡಿದರು.

'ಕರದೆ' ಎಂದರೇನೆಂದು ನಿಮಗೆ ತಿಳಿಯಲಿಲ್ಲ. ನೀವು ನನ್ನ ಕಡೆ ನೋಡಿದಿರಿ. ಒಂದೇ ಮಾತು ಸಾಕಿತ್ತು, ಅಕ್ಕಾ. ನಾನು ಬಟ್ಟಲು ಹಿಡಿದು ನಿಂತಿದ್ದೆ. "ಅವರಿಗೆ ಒಮ್ಮೊಮ್ಮೆ ನೆಪ್ಪು ತಪ್ಪತೈತ್ರಿ" ಎಂದೆ.

ಅವ್ವ ಅದನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯಿಂದಲೇ ಗಂಜಿ ಕುಡಿದರು, ಆದರೆ ಮತ್ತೆ ನನ್ನನ್ನು ಮಗಳೆನ್ನಲಿಲ್ಲ. ಅವರಿಗೆ ಎಷ್ಟು ತಿಳಿದಿತ್ತೋ — ಕೇಳುವ ಧೈರ್ಯ ನನಗೆ ಬರಲಿಲ್ಲ. ಸ್ವಲ್ಪ ದಿನಗಳಲ್ಲೇ ಹೋಗಿಬಿಟ್ಟರು.

ಅವ್ವನನ್ನು ಮಣ್ಣು ಮಾಡಿದ ದಿನ ಜನರ ಹಿಂದೆ ನಿಂತಿದ್ದ ನೀವು ನನ್ನ ಎರಡೂ ಕೈ ಹಿಡಿದು ಹೇಳಿದಿರಿ: "ನನ್ನ ಬದಲಿ ನೀನ ಮಗಳಾಗಿ ನೋಡಿದಿ. ನಿನ್ನ ಋಣ ತೀರಸಾಕ ಆಗಂಗಿಲ್ಲ."

ನಾನು ತಲೆಯಾಡಿಸಿದೆ. ಆ ಮಾತನ್ನೂ ನಿಮ್ಮಿಂದ ತೆಗೆದುಕೊಂಡೆ.

ಈಗ ಹಾವೇರಿಯಲ್ಲೇ, ನಿಮ್ಮ ಊರಿನಲ್ಲೇ, ಇನ್ಯಾರದೋ ಅವ್ವನ ಮೈ ಒರೆಸುತ್ತಿದ್ದೇನೆ. ಶೇಖರಣ್ಣನ ಎದುರಿಗೂ ಇದನ್ನೇ ಹೇಳುತ್ತೇನೆ, ನೀವು ಯಾವಾಗ ಕರೆದರೂ. ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿಮ್ಮವ್ವ ನಿಮ್ಮನ್ನು ಬೇಡವೆಂದಿರಲಿಲ್ಲ, ಅಕ್ಕಾ. ದಿನಾ ಕರೆದರು. ಆ ಕರೆ ನಿಮಗೆ ಮುಟ್ಟಲು ನಾನು ಬಿಡಲಿಲ್ಲ.