ಎಣ್ಣೆ ಹಚ್ಚದ ಒಂದು ತಲೆ

ಜನವರಿ ೧೯೬೩, ಶನಿವಾರ. ಪುಂಜಾಲಕಟ್ಟೆಯ ನಮ್ಮ ಶಾಲೆ, ಒಂಬತ್ತನೆಯ ತರಗತಿ, ನನ್ನ ವಿಜ್ಞಾನ ಪಾಠ.

ಮಿತ್ರರೇ, ಸೋಮವಾರ ಇನ್‌ಸ್ಪೆಕ್ಟರು ನನ್ನ ವಿದ್ಯುದಾವೇಶದ ಪಾಠ ನೋಡಲು ಬರುತ್ತಾರೆ. ಇಂದು ಪ್ರಯೋಗ ಮಾಡಿ ನೋಡಿದೆ. ಪುಸ್ತಕದಲ್ಲಿರುವಂತೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಕೂದಲಿಗೆ ಉಜ್ಜಿ, ರೇಷ್ಮೆ ಎಳೆಯಲ್ಲಿ ತೂಗಿಬಿಟ್ಟ ಬೆಂಡಿನ ಗುಂಡಿನ ಬಳಿ ಹಿಡಿದೆ. ಗುಂಡು ಅಲುಗಲಿಲ್ಲ. ಹತ್ತು ಮಕ್ಕಳು ಉಜ್ಜಿ ಹಿಡಿದರೂ ಅಲುಗಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ತರರು, "ನಿಮ್ಮ ಕರೆಂಟಿಗೆ ಇವತ್ತು ರಜೆಯಾ ಮಾರಾಯ್ರೆ? ಸೋಮವಾರ ಬೋರ್ಡಿನಲ್ಲಿ ಚಿತ್ರ ಬರೆದು ಮುಗಿಸಿಬಿಡಿ" ಎಂದರು.

ಹಿಂದಿನ ಬೆಂಚಿನ ಸುಗಂಧಿ ಎದ್ದಳು. "ಮಾಸ್ಟ್ರೇ, ಎಲ್ಲರ ತಲೆಯಲ್ಲೂ ತೆಂಗಿನೆಣ್ಣೆ ಉಂಟಲ್ಲ, ನಿಮ್ಮ ತಲೆಯಲ್ಲೂ ಉಂಟು. ನಾನು ನಿನ್ನೆ ಸೀಗೆಪುಡಿ ಹಾಕಿ ಮಿಂದದ್ದು, ಮತ್ತೆ ಎಣ್ಣೆ ಹಾಕಲಿಲ್ಲ."

ಅವಳು ಬಾಚಣಿಗೆಯನ್ನು ಸಾಬೂನಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು, ತನ್ನ ಕೂದಲಿಗೆ ಉಜ್ಜಿದಳು. ಗುಂಡು ಹಾರಿ ಬಂದು ಬಾಚಣಿಗೆಗೆ ತಾಗಿತು. ತಾಗಿದ ಕೂಡಲೇ ದೂರ ಸರಿಯಿತು.

"ಬಂದದ್ದು ಓಡುವುದ್ಯಾಕೆ?" ಎಂದರು ಹೆಡ್‌ಮಾಸ್ತರರು.

"ತಾಗುವಾಗ ಬಾಚಣಿಗೆಯ ಆವೇಶ ಸ್ವಲ್ಪ ಗುಂಡಿಗೂ ಬಂತಲ್ಲ ಸಾರ್. ಈಗ ಎರಡರದ್ದೂ ಒಂದೇ ಬಗೆ. ದೂಡದೆ ಮತ್ತೆಂತ ಮಾಡ್ತದೆ?"

ಇಷ್ಟು ಚೊಕ್ಕವಾಗಿ ನಾನೂ ಹೇಳಿರಲಿಲ್ಲ. ಹೆಮ್ಮೆಯಿಂದ ಅವಳ ಮಾತನ್ನೇ ಬೋರ್ಡಿನಲ್ಲಿ ಬರೆದೆ.

ಪುಸ್ತಕದ ಮೂಲ ಲೇಖಕರು ತಲೆಗೆ ಎಣ್ಣೆ ಹಾಕದ ದೇಶದವರಿರಬೇಕು. ಅನುವಾದಿಸಿದವರಾದರೂ ಒಂದು ಅಡಿಟಿಪ್ಪಣಿ ಸೇರಿಸಬಹುದಿತ್ತು. ಸೋಮವಾರ ಇನ್‌ಸ್ಪೆಕ್ಟರ ಮುಂದೆ ಬಾಚಣಿಗೆ ಹಿಡಿದು ಪಾಠ ಮಾಡುವವಳು ಸುಗಂಧಿ. ನಾನು ಹಿಂದಿನ ಬೆಂಚಿನಲ್ಲಿ ಅವಳ ಜಾಗದಲ್ಲಿ ಕೂರುತ್ತೇನೆ. ಹೆಡ್‌ಮಾಸ್ತರರಿಗೆ ಇನ್ನೂ ಹೇಳಿಲ್ಲ.