ಕಿರೀಟವಿಲ್ಲದ ವೇಷ

ಹೊಸಪೇಟೆಯ ಸಂದಿಯೊಂದರಲ್ಲಿ ಜಂಬಮ್ಮನವರ ವೇಷದ ಅಂಗಡಿ ಇದೆ. ಶಾಲೆಯ ಛದ್ಮವೇಷಕ್ಕೆ ಬಟ್ಟೆ ಬಾಡಿಗೆ ಕೊಡುವುದು ಅವರ ಕಸುಬು. ನಾಟಕ ಕಂಪನಿಯ ಬಟ್ಟೆ ಒಗೆಯುತ್ತಿದ್ದ ತಾಯಿಯ ಜೊತೆ ಬೆಳೆದವರು. ಶಾಲೆ ಬೇಗ ಬಿಟ್ಟರು, ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಈ ಸೀಮೆಯ ಅರ್ಧದಷ್ಟು ಕಿತ್ತೂರು ಚೆನ್ನಮ್ಮಂದಿರು ಹುಟ್ಟಿದ್ದು ಅವರ ಅಂಗಡಿಯಲ್ಲೇ. ಕಿರೀಟ, ಕತ್ತಿ ಕೊಟ್ಟು ಸುಮ್ಮನಾಗುವವರಲ್ಲ. ಸ್ಪರ್ಧೆಗೆ ತಾವೇ ಹೋಗಿ ಕೂರುತ್ತಾರೆ. ಜನಕ್ಕೆ ಗುರುತು ಸಿಗದ ವೇಷವನ್ನು ಮತ್ತೆ ಯಾವ ಮಗುವಿಗೂ ಹಾಕುವುದಿಲ್ಲ.

ಎಮ್ಮಿಗನೂರಿನ ಅಕ್ಕನ ಮಗಳು ರಮಾಳನ್ನು ಅಲ್ಲಿಗೆ ಕರೆದೊಯ್ದವನು ನಾನು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನನ್ನದು ಗುತ್ತಿಗೆ ಕೆಲಸ. ಹೆಲ್ಮೆಟ್ ಹಾಕುವವರೆಲ್ಲ ಎಂಜಿನಿಯರು ಎಂದು ಅಕ್ಕ ನಂಬಿದ್ದಾಳೆ, ನಾನೂ ತಿದ್ದಿಲ್ಲ.

"ರಾಣಿ ಬ್ಯಾಡ, ನಾ ಜಾನಕಿ ಅಮ್ಮಾಳ್ ಆಗ್ತೀನಿ," ಎಂದಳು ರಮಾ.

"ಯಾವ ಊರ ರಾಣಿ ಅವ್ವಾ ಆಕಿ?" ಎಂದರು ಜಂಬಮ್ಮ.

"ರಾಣಿ ಅಲ್ರಿ, ವಿಜ್ಞಾನಿ. ಕಬ್ಬಿನ ತಳಿ ಕೂಡಿಸಿ ಸಿಹಿ ಕಬ್ಬು ಮಾಡಾಕ ದುಡಿದಾಕಿ. ಟೀಚರ್ ಹೇಳ್ಯಾರ."

ಜಂಬಮ್ಮ ನನ್ನತ್ತ ತಿರುಗಿದರು. "ಸಾಹೇಬ್ರ, ಆಕಿ ಹೆಂಗಿದ್ಲು?"

"ಬಿಳಿ ಕೋಟು ಹಾಕಿರ್ತಾಳ್ರಿ," ಎಂದೆ, ಭಾರೀ ತಿಳಿದವನಂತೆ.

"ಕಬ್ಬಿನ ಹೊಲಕ್ಕ ಬಿಳಿ ಕೋಟು ಹಾಕ್ಕೊಂಡು ಯಾರ್ ಹೋಗ್ತಾರಲೇ ತಮ್ಮಾ?"

ಮೊಬೈಲಿನಲ್ಲಿ ಚಿತ್ರ ಹುಡುಕಿ ಕೊಟ್ಟೆ. ಸೀರೆಯುಟ್ಟ ಗಂಭೀರ ಹೆಂಗಸು. ಕಿರೀಟವಿಲ್ಲ, ಕುದುರೆಯಿಲ್ಲ. ಜನ ಗುರುತು ಹಿಡಿಯುವುದು ಹೇಗೆ? ಜಂಬಮ್ಮ ಬಹಳ ಹೊತ್ತು ನೋಡಿ, ಕಡೆಗೆ ರಮಾಳ ಗದ್ದವನ್ನು ಮೆಲ್ಲಗೆ ಕೆಳಗಿಳಿಸಿದರು.

"ರಾಣಿ ದೂರ ನೋಡ್ತಾಳ, ಈಕಿ ಹತ್ರ ನೋಡ್ತಾಳ. ಹೂವಿರೋ ಕಬ್ಬು ಹಿಡ್ಕೊ, ಅದರ ಮ್ಯಾಲಿನ ಕಣ್ಣು ತೆಗಿಬ್ಯಾಡ."

ಸ್ಪರ್ಧೆ ಕಂಪ್ಲಿಯಲ್ಲಿ. ಚೆನ್ನಮ್ಮಂದಿರು ಗರ್ಜಿಸಿ ಇಳಿದ ಮೇಲೆ ರಮಾ ಬಂದಳು. ಸಾದಾ ಸೀರೆ, ಒಂದು ಕೈಯಲ್ಲಿ ಭೂತಗನ್ನಡಿ. ತುದಿಯ ಹೂವು ಕಣ್ಣಿಗೆಟುಕಲೆಂದು, ನೆಲಕ್ಕೂರಿದ ಕಬ್ಬನ್ನು ಇನ್ನೊಂದು ಕೈಯಿಂದ ಬಿಲ್ಲಿನಂತೆ ಬಾಗಿಸಿದ್ದಳು.

ಅದೇ ಎಡವಟ್ಟಾಯಿತು. ಪಟದ ದೇವಿಯ ಕೈಯಲ್ಲಿರುವಂಥ ಕಬ್ಬಿನ ಬಿಲ್ಲು ಕಂಡದ್ದೇ ಮುಂದಿನ ಸಾಲಿನ ಅಜ್ಜಿಯೊಬ್ಬರು "ಕಾಮಾಕ್ಷಿ ತಾಯಿ!" ಎಂದು ಕೈಮುಗಿದರು. ಹಿಂದಿನವರೂ ಮುಗಿದರು. ತೀರ್ಪುಗಾರ ಹಾಲಸ್ವಾಮಿ ಮೇಷ್ಟ್ರು ಚಪ್ಪಲಿ ಕಳಚಿದರು. ವಿಷಯ ಗೊತ್ತಿದ್ದ ನಾನೂ, ಎಲ್ಲರೂ ಮುಗಿದರಲ್ಲ ಎಂದು, ಮುಗಿದುಬಿಟ್ಟೆ.

"ಮುಗೀತು. ಈ ವೇಷ ಸೋತಂಗ," ಎಂದರು ಜಂಬಮ್ಮ. ಅವರ ಮುಖ ಸಪ್ಪಗಾಗಿತ್ತು.

"ತಾಯೀ, ಆಶೀರ್ವಾದ ಮಾಡವಾ," ಎಂದರು ಮೇಷ್ಟ್ರು.

ರಮಾ ಕಣ್ಣೆತ್ತಲೇ ಇಲ್ಲ. "ದೇವಿ ಅಲ್ರಿ ಸರ್. ಸ್ವಲ್ಪ ತಡೀರಿ, ಕೆಲಸದಾಗ ಅದೀನಿ. ಈ ಹೂವಿನ ಪುಡಿ ಇನ್ನೊಂದು ಹೂವಿಗೆ ಹಾಕಿ ಹೊಸ ಕಬ್ಬು ಮಾಡಬೇಕು. ನಾ ಜಾನಕಿ ಅಮ್ಮಾಳ್."

ಮುಗಿದ ಕೈಗಳು ಒಂದೊಂದಾಗಿ ಇಳಿದವು. ಮೇಷ್ಟ್ರು ಬರಿಗಾಲಲ್ಲೇ ವೇದಿಕೆ ಹತ್ತಿ ಬಗ್ಗಿದರು. "ಎಲ್ಲೈತಿ ಪುಡಿ? ನನಗೂ ತೋರ್ಸು."

"ನಮ್ಮ ಹೊಲದ ಕಬ್ಬೂ ಆಕಿ ಮಾಡಿದ್ದೇನು?" ಹಿಂದಿನಿಂದ ಯಾರೋ ಕೂಗಿದರು.

ಮೊದಲ ಬಹುಮಾನ ಚೆನ್ನಮ್ಮನಿಗೇ ಹೋಯಿತು. ಅದೂ ಜಂಬಮ್ಮನವರ ಅಂಗಡಿಯದೇ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅಲ್ಲೋ ತಮ್ಮಾ, ಒಂದು ಹೂವಿನ ಪುಡಿ ಇನ್ನೊಂದಕ್ಕ ಹಾಕಿದ್ರ ಸಿಹಿ ಹೆಂಗ ಬರ್ತೈತಿ?"

"ಬಸ್ ಬಂತ್ರಿ," ಎಂದೆ.

ಬಸ್ಸು ಬಂದಿರಲಿಲ್ಲ.